ಕಬ್ಬಿನ ಗ್ಯಾಂಗಿನ ಮಕ್ಕಳಲ್ಲಿ ದಡಾರ ಶಂಕೆ: ಮೊದಲು ಏನು ಮಾಡಬೇಕು, ಲಸಿಕೆ ಸೆಷನ್ ಹೇಗೆ ನಡೆಸಬೇಕು?

ಪ್ರಶ್ನೆ: ಉಪಕೇಂದ್ರ ಪಿಎಚ್‌ಸಿಒ (ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆ), ಬಾಗಲಕೋಟೆ ಕಡೆ

ನಮ್ಮ ಉಪಕೇಂದ್ರದ ವ್ಯಾಪ್ತಿಯಲ್ಲಿ ಕಾಲುವೆ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ಎರಡು ಗ್ಯಾಂಗ್ ಬಂದು ಇಳಿದಿವೆ. ಒಂದು ಮಹಾರಾಷ್ಟ್ರದ ಬೀಡ್ ಕಡೆಯದು, ಇನ್ನೊಂದು ವಿಜಯಪುರ ಜಿಲ್ಲೆಯ ತಾಂಡಾಗಳದು. ಹತ್ತಿರ ಹತ್ತಿರ 40 ಜೋಪಡಿ. ಇವತ್ತು ಆಶಾ ಹೋಗಿ ನೋಡಿದಾಗ ಎರಡು ಮಕ್ಕಳಿಗೆ ಜ್ವರ, ಮುಖದಿಂದ ಶುರುವಾಗಿ ಎದೆಗೆ ಇಳಿದ ಕೆಂಪು ದದ್ದು, ಕಣ್ಣು ಕೆಂಪು. ಒಂದಕ್ಕೆ 3 ವರ್ಷ, ಇನ್ನೊಂದಕ್ಕೆ 10 ತಿಂಗಳು. ಮನೆಯವರು ಅಮ್ಮ ಬಂದಾಳೆ ಅಂತ ಬೇವಿನ ಸೊಪ್ಪು ಕಟ್ಟಿ ಕೂರಿಸಿದ್ದಾರೆ, ಔಷಧಿ ಬೇಡ ಅನ್ನುತ್ತಾರೆ.

ಐದು ವರ್ಷದೊಳಗಿನ ಮಕ್ಕಳು 38 ಇರಬಹುದು ಅಂತ ಅಂದಾಜು. ತಾಯಿ ಕಾರ್ಡ್ (ಲಸಿಕೆ ದಾಖಲೆ) ಇರುವುದು ಏಳೆಂಟು ಮಕ್ಕಳದು ಮಾತ್ರ. ಹೆಂಗಸರು ಬೆಳಗಿನ ಜಾವ ಹೊಲಕ್ಕೆ ಹೋದರೆ ಸಂಜೆಯ ತನಕ ಸಿಗುವುದಿಲ್ಲ. ನನ್ನ ಪ್ರಶ್ನೆ ನಾಲ್ಕು:

ರಿಪೋರ್ಟ್ ಬರುವ ಮೊದಲೇ ಉಳಿದ ಮಕ್ಕಳಿಗೆ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಹಾಕಬಹುದೇ? ಕಾರ್ಡ್ ಇಲ್ಲದ ಮಕ್ಕಳಿಗೆ ಏನು ಲೆಕ್ಕ? ಸಂಜೆ ಸೆಷನ್ ಮಾಡಿದರೆ ಲಸಿಕೆ ಕೆಡದಂತೆ ಹೇಗೆ ನೋಡಿಕೊಳ್ಳುವುದು? 10 ತಿಂಗಳ ಮಗುವಿಗೆ ಈಗ ವಿಟಮಿನ್ ಎ ಎಷ್ಟು?

ಉತ್ತರ 1: ಹಳೇ ಎಲ್‌ಎಚ್‌ವಿ (ಮಹಿಳಾ ಆರೋಗ್ಯ ಮೇಲ್ವಿಚಾರಕಿ)

ಮೊದಲು ಆ ಎರಡು ಮಕ್ಕಳ ಮಾತು. ವಿಟಮಿನ್ ಎ ಇವತ್ತೇ ಕೊಡಿ, ನಾಳೆ ಮತ್ತೊಮ್ಮೆ ಕೊಡಿ. 6 ತಿಂಗಳೊಳಗಿನ ಮಗುವಿಗೆ 50,000 ಐಯು, 6ರಿಂದ 11 ತಿಂಗಳಿಗೆ 1 ಲಕ್ಷ, ವರ್ಷ ತುಂಬಿದವರಿಗೆ 2 ಲಕ್ಷ. ನಮ್ಮ ಸಿರಪ್‌ನಲ್ಲಿ 1 ಮಿ.ಲೀ. ಅಂದರೆ 1 ಲಕ್ಷ. ಹಾಗಾಗಿ ನಿಮ್ಮ 10 ತಿಂಗಳ ಮಗುವಿಗೆ ಇವತ್ತು 1 ಮಿ.ಲೀ., ನಾಳೆ 1 ಮಿ.ಲೀ. ಮೂರು ವರ್ಷದ ಮಗುವಿಗೆ ದಿನಕ್ಕೆ 2 ಮಿ.ಲೀ.ನಂತೆ ಎರಡು ದಿನ. ಹೋದ ತಿಂಗಳು ಎಲ್ಲೋ ಹಾಕಿಸಿದ್ದೇವೆ ಅಂದರೂ ಈ ಡೋಸ್ ಬಿಡುವಂತಿಲ್ಲ, ಇದು ಚಿಕಿತ್ಸೆ. ಕಣ್ಣಿನ ಕರಿಗುಡ್ಡೆ ಮಂಜಾಗಿದ್ದರೆ, ಬಿಳಿಭಾಗದಲ್ಲಿ ನೊರೆಯಂಥ ಕಲೆ ಇದ್ದರೆ 2ರಿಂದ 4 ವಾರದ ನಂತರ ಮೂರನೆಯದು ಬೇಕು. ಹಾಗಿದ್ದರೆ ಡಾಕ್ಟರಿಗೆ ತೋರಿಸದೆ ಬಿಡಬೇಡಿ. ಬಾಟಲಿ ಒಡೆದ ತಾರೀಖು ಲೇಬಲ್ ಮೇಲೆ ಬರೆದಿದೆಯಾ ನೋಡಿ. ಒಡೆದು 6–8 ವಾರ ಆದದ್ದನ್ನು ಬಳಸಬಾರದು.

ಬೇವಿನ ಸೊಪ್ಪಿಗೆ ಜಗಳ ಬೇಡ, ಅದರ ಪಾಡಿಗೆ ಅದಿರಲಿ. ಕೇಡು ಮಾಡುವುದು ಸೊಪ್ಪಲ್ಲ, ಮಗುವಿಗೆ ಉಣ್ಣಲು ಕೊಡದೆ, ನೀರು ಕಡಿಮೆ ಮಾಡಿ, ಕತ್ತಲಲ್ಲಿ ಕೂಡಿಸುವುದು. ದಡಾರದಲ್ಲಿ ಬಾಯೊಳಗೆ ಹುಣ್ಣಾಗಿ ಮಗು ತಾನಾಗಿಯೇ ಮೊಲೆ ಬಿಡುತ್ತದೆ, ಮೇಲೆ ಪಥ್ಯ ಬೇರೆ. "ಪೂಜೆ ನಿಮ್ಮದು ಮಾಡ್ರಿ ಯವ್ವಾ, ಗಂಜಿ, ಎದೆಹಾಲು ಮಾತ್ರ ನಿಲ್ಲಸಬ್ಯಾಡ್ರಿ, ಈ ಸಿರಪ್ ಕಣ್ಣಿಗೆ" ಅಂದರೆ ಅಜ್ಜಿಯರು ಒಪ್ಪುತ್ತಾರೆ. ಹಿರಿಯ ಅಜ್ಜಿಯ ಕೈಯಲ್ಲೇ ಚಮಚ ಕೊಟ್ಟು ಹಾಕಿಸಿದರೆ ಅರ್ಧ ಕೆಲಸ ಆದಂತೆ.

ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ, ಮಗು ಅಳದೆ ಇರುವಾಗ. 2ರಿಂದ 12 ತಿಂಗಳೊಳಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಅಂತಲೇ ತಿಳಿದು ಪಿಎಚ್‌ಸಿಗೆ ಕಳಿಸಿ. ಪಕ್ಕೆ ಒಳಸೇದುತ್ತಿದ್ದರೆ, ಮಗು ಕುಡಿಯದಿದ್ದರೆ, ಮಂಪರಿನಲ್ಲಿದ್ದರೆ 108 ಕರೆಸಿ. ದಡಾರದಲ್ಲಿ ಹೆಚ್ಚಿನ ಸಾವು ನ್ಯುಮೋನಿಯಾ, ಭೇದಿಯಿಂದಲೇ ಆಗುವುದು, ದದ್ದಿನಿಂದಲ್ಲ.

ಇನ್ನು ವರದಿ. ಜ್ವರದ ಜೊತೆ ಇಂಥ ದದ್ದು ಇದ್ದರೆ ಸಾಕು, ಶಂಕಿತ ಪ್ರಕರಣ. ಕೆಮ್ಮು, ನೆಗಡಿ ಇರಲೇಬೇಕು ಅಂತ ಕಾಯಬೇಡಿ. ವೈದ್ಯಾಧಿಕಾರಿಗೆ ಈಗಲೇ ಫೋನ್ ಮಾಡಿ, ಐಎಚ್‌ಐಪಿಯಲ್ಲಿ (ಸರ್ಕಾರದ ರೋಗ ವರದಿ ಪೋರ್ಟಲ್) ಎಸ್ ಫಾರ್ಮ್ (ಶಂಕಿತ ಪ್ರಕರಣದ ಫಾರ್ಮ್) ಹಾಕಿ. ರಕ್ತದ ಸ್ಯಾಂಪಲ್ ದದ್ದು ಬಂದ 28 ದಿನದೊಳಗೆ ತೆಗೆಯಬಹುದು. ಗಂಟಲಿನ ಸ್ವಾಬ್‌ಗೆ 7 ದಿನ ಮಾತ್ರ, ಆದ್ದರಿಂದ ಸ್ವಾಬ್‌ಗೇ ಅವಸರ. ದದ್ದು ಬಂದ ಮೊದಲ ಮೂರು ದಿನದಲ್ಲಿ ತೆಗೆದ ರಕ್ತದಲ್ಲಿ ಐಜಿಎಂ (ಹೊಸ ಸೋಂಕು ತೋರಿಸುವ ಪ್ರತಿಕಾಯ) ಇನ್ನೂ ಏರಿರದೆ ನೆಗೆಟಿವ್ ಬರುವುದುಂಟು. ನೆಗೆಟಿವ್ ಬಂತು, ದಡಾರ ಅಲ್ಲ ಅಂತ ಕಡತ ಮುಚ್ಚಿದ ಕಡೆ ಹದಿನೈದು ದಿನಕ್ಕೆ ಇನ್ನೂ ಹತ್ತು ಮಕ್ಕಳು ಮಲಗುತ್ತವೆ. ಒಂದು ಬ್ಲಾಕಿನಲ್ಲಿ 4 ವಾರದೊಳಗೆ 5 ಶಂಕಿತ ಪ್ರಕರಣ ಅಥವಾ ಒಂದು ಸಾವು ಕಂಡರೆ ಅದು ಔಟ್‌ಬ್ರೇಕ್. ನಿಮ್ಮಲ್ಲಿ ಎರಡೇ ಕಂಡಿವೆ, ಹುಡುಕಿದರೆ ಎಷ್ಟು ಸಿಗುತ್ತವೋ.

ಹುಡುಕುವುದು ಹೀಗೆ. ದದ್ದು ಕಾಣುವ 4 ದಿನ ಮೊದಲಿಂದ 4 ದಿನ ನಂತರದವರೆಗೆ ಮಗು ಹರಡುತ್ತಿರುತ್ತದೆ. ಆ ದಿನಗಳಲ್ಲಿ ಎಲ್ಲಿ ಹೋಗಿತ್ತು ಕೇಳಿ: ವಾರದ ಸಂತೆ, ಫ್ಯಾಕ್ಟರಿ ಯಾರ್ಡಿನ ಟ್ರ್ಯಾಕ್ಟರ್ ಸಾಲು, ಬೇರೆ ಗ್ಯಾಂಗಿನ ನೆಂಟರ ಜೋಪಡಿ. ಮೈಗೆ ಹತ್ತಿ ದದ್ದು ಕಾಣಲು ಸಾಮಾನ್ಯವಾಗಿ ಎರಡು ವಾರ ಬೇಕು. ಗ್ಯಾಂಗ್ ಬಂದಿಳಿದು ಎಷ್ಟು ದಿನವಾಯಿತು ಅಂತ ಕೇಳಿದರೆ ಊರಿಂದಲೇ ತಂದದ್ದೋ ಇಲ್ಲಿ ಹತ್ತಿದ್ದೋ ಗೊತ್ತಾಗುತ್ತದೆ. ಊರಿನ ಆರ್‌ಎಂಪಿ ಡಾಕ್ಟರು, ಮೆಡಿಕಲ್ ಶಾಪಿನವರಿಗೂ ಒಂದು ಮಾತು ಹೇಳಿಡಿ. ಜ್ವರದ ಸಿರಪ್, ಕ್ಯಾಲಮೈನ್ ಒಟ್ಟಿಗೆ ಕೇಳಿ ಬರುವವರು ನಮಗಿಂತ ಮೊದಲು ಅವರಿಗೆ ಸಿಗುತ್ತಾರೆ.

ಉತ್ತರ 2: ಇನ್ನೊಬ್ಬ ಆರೋಗ್ಯ ಕಾರ್ಯಕರ್ತ

ರಿಪೋರ್ಟ್ ಬರುವ ತನಕ ಲಸಿಕೆ ಬೇಡ ಅನ್ನಿಸುತ್ತೆ. ಅರ್ಧ ಮಕ್ಕಳಿಗೆ ಮೂಗು ಸೋರುತ್ತಿರುತ್ತದೆ, ಸೂಜಿ ಹಾಕಿದ ಮೇಲೆ ಜ್ವರ ಬಂದರೆ ನಮ್ಮ ತಲೆಗೇ ಬರುತ್ತದೆ. ಮೇಲಿನಿಂದ ಲಿಖಿತ ಆದೇಶ ಬರಲಿ.

ಉತ್ತರ 3: ಪಿಎಚ್‌ಸಿ ವೈದ್ಯಾಧಿಕಾರಿ

ಆದೇಶ ಬೇಕಾಗುವುದು ಹೆಚ್ಚುವರಿ ಡೋಸ್‌ಗೆ, ಬಾಕಿ ಇರುವ ಡೋಸ್‌ಗೆ ಅಲ್ಲ. ಇವೆರಡನ್ನು ಬೆರೆಸಿ ಕೂತರೆ ವಾರ ಕಳೆದುಹೋಗುತ್ತದೆ. 9 ತಿಂಗಳು ತುಂಬಿಯೂ ಎಂಆರ್ ಆಗದ ಮಗು, 16 ತಿಂಗಳು ತುಂಬಿಯೂ ಎರಡನೆಯದು ಆಗದ ಮಗು, ಇವರಿಗೆ ಹಾಕುವುದು ಮಾಮೂಲಿ ಕಾರ್ಯಕ್ರಮ. 5 ವರ್ಷದವರೆಗೆ ಹಾಕಬಹುದು. ಲ್ಯಾಬಿಗೂ ಇದಕ್ಕೂ ಸಂಬಂಧವಿಲ್ಲ. ರೋಗಿಯ ಸಂಪರ್ಕಕ್ಕೆ ಬಂದು 72 ಗಂಟೆಯೊಳಗೆ ಹಾಕಿದರೆ ಆ ಮಗುವಿಗೆ ದಡಾರ ತಪ್ಪುವ ಸಾಧ್ಯತೆಯೂ ಇದೆ. ಆದ್ದರಿಂದ ನಾಳೆ ಸಂಜೆಯೇ ಸೆಷನ್ ಆಗಲಿ, ಮುಂದಿನ ಗುರುವಾರದ ತನಕ ಎಳೆಯಬೇಡಿ.

ಹೆಚ್ಚುವರಿ ಡೋಸ್ ಬೇರೆ ವಿಷಯ. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಎದ್ದಾಗ ಕೇಂದ್ರ ಸರ್ಕಾರ ಕೊಟ್ಟ ಸಲಹೆ ಇದು: ಪ್ರಕರಣ ಹೆಚ್ಚಿರುವ ಕಡೆ 9 ತಿಂಗಳಿಂದ 5 ವರ್ಷದವರಿಗೆ ಒಂದು ಹೆಚ್ಚುವರಿ ಡೋಸ್. ಒಟ್ಟು ಪ್ರಕರಣಗಳಲ್ಲಿ 9 ತಿಂಗಳೊಳಗಿನವರು ಶೇ. 10 ಮೀರಿದ್ದರೆ 6ರಿಂದ 9 ತಿಂಗಳ ಕೂಸುಗಳಿಗೂ ಒಂದು ಡೋಸ್. ಈ ಕೂಸುಗಳ ಡೋಸ್ ಲೆಕ್ಕಕ್ಕಿಲ್ಲದ ಸೊನ್ನೆ ಡೋಸ್. 9 ತಿಂಗಳಿಗೆ ಮೊದಲನೆಯದು, ಆಮೇಲೆ ಎರಡನೆಯದು ಹಾಕಿಸಲೇಬೇಕು, ನಡುವೆ ಕನಿಷ್ಠ ಒಂದು ತಿಂಗಳ ಅಂತರವಿರಲಿ. ಇದನ್ನು ಟಿಎಚ್‌ಒ (ತಾಲೂಕು ಆರೋಗ್ಯಾಧಿಕಾರಿ), ಆರ್‌ಸಿಎಚ್‌ಒ (ಜಿಲ್ಲೆಯ ಲಸಿಕೆ ಕಾರ್ಯಕ್ರಮದ ಅಧಿಕಾರಿ) ತೀರ್ಮಾನಿಸಬೇಕು, ಉಪಕೇಂದ್ರದಲ್ಲಿ ನಾವೇ ಶುರು ಮಾಡುವಂತಿಲ್ಲ.

ಮೂಗು ಸೋರುವುದು, ಸಣ್ಣ ಜ್ವರ, ಭೇದಿ, ತೂಕ ಕಡಿಮೆ, ಯಾವುದೂ ಲಸಿಕೆ ಬಿಡಲು ಕಾರಣವಲ್ಲ. ಬಡಕಲು ಮಗುವಿಗೇ ದಡಾರ ಹೆಚ್ಚು ಹೊಡೆಯುವುದು, ಅದನ್ನೇ ವಾಪಸ್ ಕಳಿಸುತ್ತೇವೆ, ಏನು ಹೇಳುವುದು! ಆಸ್ಪತ್ರೆಗೆ ಸೇರಿಸಬೇಕಾದಷ್ಟು ಕಾಯಿಲೆ, ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿಸುವ ಕಾಯಿಲೆ ಅಥವಾ ಔಷಧಿ, ಇಷ್ಟಿದ್ದರೆ ಮಾತ್ರ ನನ್ನಂಥವರನ್ನು ಕೇಳಿ.

ಸ್ಯಾಂಪಲ್ ವಿಚಾರದಲ್ಲಿ ಒಂದು ಎಚ್ಚರಿಕೆ. ಎಂಆರ್ ಹಾಕಿದ 5ರಿಂದ 12 ದಿನದ ನಡುವೆ ಕೆಲವು ಮಕ್ಕಳಿಗೆ ಜ್ವರ, ತೆಳು ದದ್ದು ಬರುತ್ತದೆ, ತಾನಾಗಿ ಹೋಗುತ್ತದೆ. ಆ ಮಗುವಿನ ರಕ್ತ ತೆಗೆದರೆ ಐಜಿಎಂ ಪಾಸಿಟಿವ್ ಬರುತ್ತದೆ. ಲಸಿಕೆಯ ಐಜಿಎಂ, ರೋಗದ ಐಜಿಎಂ ಆ ಪರೀಕ್ಷೆಗೆ ಬೇರೆ ಬೇರೆ ಕಾಣುವುದಿಲ್ಲ. ಬೇರ್ಪಡಿಸಿ ಹೇಳಲು ಸ್ವಾಬಿನಲ್ಲಿ ವೈರಸ್‌ನ ತಳಿ ನೋಡಬೇಕು. ಹಾಗಾಗಿ ಈಗ ದದ್ದು ಇರುವವರ ರಕ್ತ, ಸ್ವಾಬ್ ಎರಡನ್ನೂ ಸೆಷನ್‌ಗೆ ಮೊದಲೇ ತೆಗೆಸಿ. ಪ್ರಕರಣದ ಫಾರ್ಮಿನಲ್ಲಿ ಕೊನೆಯ ಎಂಆರ್ ತಾರೀಖಿನ ಕಾಲಂ ಖಾಲಿ ಬಿಡಬೇಡಿ. ಅಲ್ಲಿ ಬರೀ ಗೀಟು ಎಳೆದು ಕಳಿಸಿದರೆ ಮುಂದೆ ಯಾರಿಗೂ ಬಿಡಿಸಲಾಗದ ಕಗ್ಗಂಟು.

ಸೆಷನ್ ಅನ್ನು ಕಾಯಿಲೆ ಬಿದ್ದ ಜೋಪಡಿಯ ಪಕ್ಕ ಇಡಬೇಡಿ. ಮಗು ಕೆಮ್ಮಿ ಹೋದ ಮೇಲೂ ಒಳಗಿನ ಗಾಳಿಯಲ್ಲಿ ಎರಡು ಗಂಟೆಯವರೆಗೆ ವೈರಸ್ ಇರಬಲ್ಲದು. ಮರದ ಕೆಳಗೆ, ಬಯಲಲ್ಲಿ ಮಾಡಿ. ದದ್ದು ಇರುವ ಮಕ್ಕಳನ್ನು ಸಾಲಿಗೆ ಕರೆತರದಂತೆ ಮುಕಾದಮ್‌ಗೆ (ಗ್ಯಾಂಗಿನ ಮೇಸ್ತ್ರಿ) ಮೊದಲೇ ಹೇಳಿ.

ಉತ್ತರ 4: ಕೋಲ್ಡ್ ಚೈನ್ ಹ್ಯಾಂಡ್ಲರ್

ಸಂಜೆ ಸೆಷನ್ ಅಂದರೆ ಎಲ್ಲರಿಗೂ ಭಯ, ಕಾರಣವಿಲ್ಲ. ಬಿಸಿಲಿಗಿಂತ ಸಂಜೆಯೇ ಲಸಿಕೆಗೆ ಹಿತ. ತೊಂದರೆ ಎರಡು: ಬೆಳಗ್ಗೆ 8ಕ್ಕೆ ತುಂಬಿದ ಕ್ಯಾರಿಯರನ್ನೇ ಸಂಜೆ 6ಕ್ಕೆ ತೆಗೆಯುವುದು, ಮತ್ತು ಕತ್ತಲಲ್ಲಿ ವಿವಿಎಂ (ವಯಲ್ ಮೇಲಿನ ಶಾಖ ಸೂಚಕ ಗುರುತು) ಓದುವುದು. ನಾಲ್ಕು ಐಸ್ ಪ್ಯಾಕ್ ಇಟ್ಟ ಕ್ಯಾರಿಯರ್ ಮುಚ್ಚಳ ತೆಗೆಯದಿದ್ದರೆ ಸುಮಾರು 12 ಗಂಟೆ ತಡೆಯುತ್ತದೆ, ಆದರೆ ತೆಗೆದು ಮುಚ್ಚಿ ಮಾಡಿದಂತೆ ಅದು ಇಳಿಯುತ್ತಾ ಹೋಗುತ್ತದೆ. ಮಧ್ಯಾಹ್ನದ ನಂತರ ಹೊಸದಾಗಿ ತುಂಬಿಸಿಕೊಳ್ಳಿ. ಒಳ್ಳೆಯ ಬಿಳಿ ಬೆಳಕಿನ ಟಾರ್ಚ್ ಒಂದು ಇರಲಿ. ವಿವಿಎಂನ ಒಳಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಒಂದೇ ಬಣ್ಣ ಆಗಿದ್ದರೆ ಅಥವಾ ಕಪ್ಪಾಗಿದ್ದರೆ ಪಕ್ಕಕ್ಕೆ. ಹಳದಿ ಬಲ್ಬಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ.

ಐಸ್ ಪ್ಯಾಕ್ ಡೀಪ್ ಫ್ರೀಜರ್‌ನಿಂದ ತೆಗೆದ ಕೂಡಲೇ ಕ್ಯಾರಿಯರಿಗೆ ತುಂಬುವ ಚಾಳಿ ಬಹಳ ಕಡೆ ಇದೆ. ಮೇಜಿನ ಮೇಲೆ ಹರಡಿ ಬಿಡಿ, ಮೈ ಬೆವರಲಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು. ಆಮೇಲೆ ಒರೆಸಿ ತುಂಬಿ. ಎಂಆರ್‌ಗೆ ಹೆಪ್ಪುಗಟ್ಟಿದರೆ ಕೇಡಿಲ್ಲ, ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ), ಡಿಪಿಟಿ, ಟಿಡಿ, ಐಪಿವಿ (ಪೋಲಿಯೊ ಸೂಜಿ), ಪಿಸಿವಿ (ನ್ಯುಮೋನಿಯಾ ಲಸಿಕೆ) ಇವಕ್ಕೆ ಕೇಡು. ಪೆಂಟಾ, ಡಿಪಿಟಿಯಂಥವುಗಳಲ್ಲಿ ಇರುವ ಅಲ್ಯೂಮಿನಿಯಂ ಲವಣ ಹೆಪ್ಪುಗಟ್ಟಿದರೆ ಗಸಿಯಾಗಿ ತಳಕ್ಕೆ ಕೂರುತ್ತದೆ, ಶಕ್ತಿ ಹೋಗುತ್ತದೆ. ವಿವಿಎಂ ಶಾಖವನ್ನು ಮಾತ್ರ ತೋರಿಸುತ್ತದೆ. ಹೆಪ್ಪುಗಟ್ಟಿದ ಪೆಂಟಾದ ಮೇಲೂ ವಿವಿಎಂ ಚೆನ್ನಾಗಿಯೇ ಇರುತ್ತದೆ, ಅದನ್ನು ನಂಬಿ ಹಾಕಿದ ಸೂಜಿ ದಂಡ.

ಎಷ್ಟು ತರಬೇಕು? 38 ಮಕ್ಕಳಿಗೆ ಎಂಆರ್ ಅಂದರೆ ಪೋಲಾಗುವುದನ್ನೂ ಸೇರಿಸಿ 38 ಗುಣಿಸು 1.33, ಅಂದಾಜು 51 ಡೋಸ್. 10 ಡೋಸಿನ ವಯಲ್ ಆದರೆ 6, 5 ಡೋಸಿನದಾದರೆ 11. ಅಷ್ಟೇ ಸಂಖ್ಯೆಯ ಡೈಲ್ಯುಯೆಂಟ್ (ಪುಡಿ ಲಸಿಕೆ ಕಲಸುವ ದ್ರವ), ಅಷ್ಟೇ ಸಂಖ್ಯೆಯ 5 ಮಿ.ಲೀ. ಕಲಸುವ ಸಿರಿಂಜ್, ಪ್ರತಿ ವಯಲ್‌ಗೂ ಹೊಸದು. 0.5 ಮಿ.ಲೀ. ಎಡಿ ಸಿರಿಂಜ್ (ಒಮ್ಮೆ ಮಾತ್ರ ಬಳಸಲಾಗುವಂಥದ್ದು) 42 ಇರಲಿ. ಒಂದೇ ಮಗು ಬಂದರೂ ವಯಲ್ ಒಡೆಯಿರಿ. ಒಂಬತ್ತು ಡೋಸ್ ಹಾಳಾಗುತ್ತದೆ ಅಂತ ಕಳಿಸಿದ ಮಗು ಮತ್ತೆ ಸಿಗುವುದಿಲ್ಲ, ಅದರಲ್ಲೂ ಗ್ಯಾಂಗಿನ ಮಗು.

ಈಗ ಡೈಲ್ಯುಯೆಂಟ್. ಜೀವ ಹೋಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಎಂಆರ್‌ಗೆ ಸ್ಟೆರೈಲ್ ವಾಟರ್, ಬಿಸಿಜಿಗೆ ಸಲೈನ್, ಲೈವ್ ಜೆಇಗೆ (ಮಿದುಳು ಜ್ವರದ ಲಸಿಕೆ) ಬಫರ್. ಒಂದರದು ಇನ್ನೊಂದಕ್ಕೆ ನಡೆಯುವುದಿಲ್ಲ. ಅದೇ ಕಂಪನಿಯ ಎಂಆರ್ ವಯಲ್‌ಗೆ ಅದೇ ಕಂಪನಿಯ ನೀರು. ಸೆಷನ್‌ಗೆ 24 ಗಂಟೆ ಮೊದಲೇ ಐಎಲ್‌ಆರ್‌ನಲ್ಲಿ (ಲಸಿಕೆಯ ಫ್ರಿಜ್) ಇಟ್ಟಿರಬೇಕು, ಬೆಚ್ಚಗಿನ ನೀರಿನಲ್ಲಿ ಕಲಸಿದರೆ ಲಸಿಕೆಯ ವೈರಸ್ ಅಲ್ಲೇ ಸಾಯುತ್ತದೆ. ಐಎಲ್‌ಆರ್‌ನಲ್ಲಿ ಲಸಿಕೆ ಬಿಟ್ಟು ಬೇರೆ ಯಾವ ಔಷಧಿಯೂ ಇರಕೂಡದು. 2014ರಲ್ಲಿ ಸಿರಿಯಾದ ಇದ್ಲಿಬ್‌ನಲ್ಲಿ ಡೈಲ್ಯುಯೆಂಟ್ ಬದಲು ಅರಿವಳಿಕೆಯಲ್ಲಿ ಬಳಸುವ ಸ್ನಾಯು ಸಡಿಲಿಸುವ ಔಷಧಿ ಬೆರೆತು 15 ಮಕ್ಕಳು ಸತ್ತರು.

ಕಲಸಿದ ಹೊತ್ತನ್ನು ವಯಲ್ ಮೇಲೆ ಪೆನ್ನಿನಿಂದ ಬರೆಯಿರಿ. 4 ಗಂಟೆ ಆಯಿತೋ, ಅಥವಾ ಸೆಷನ್ ಮುಗಿಯಿತೋ, ಯಾವುದು ಮೊದಲೋ ಆಗ ಎಸೆಯಬೇಕು. ಎಂಆರ್‌ಗೆ ಓಪನ್ ವಯಲ್ ಪಾಲಿಸಿ (ಒಡೆದ ವಯಲನ್ನು ಮುಂದಿನ ಸೆಷನ್‌ಗೂ ಬಳಸುವ ನಿಯಮ) ಇಲ್ಲ. ಪೆಂಟಾ, ಡಿಪಿಟಿಯನ್ನು 28 ದಿನ ಬಳಸುತ್ತೇವಲ್ಲ, ಆ ಗುಂಗಿನಲ್ಲೇ ಉಳಿದ ಎಂಆರ್ ಅನ್ನು ನಾಳೆಗೆ ಎತ್ತಿಡುವುದು ಕೊಲೆಗೆ ಸಮ. ಅದರಲ್ಲಿ ಪ್ರಿಸರ್ವೇಟಿವ್ ಇಲ್ಲ, ಒಳಹೊಕ್ಕ ಬ್ಯಾಕ್ಟೀರಿಯಾ ಬೆಳೆದು ವಿಷವಾಗುತ್ತದೆ. ಹಾಕಿದ ಕೆಲವೇ ಗಂಟೆಯಲ್ಲಿ ಜೋರು ಜ್ವರ, ವಾಂತಿ, ನೀರು ಭೇದಿ, ಆಮೇಲೆ ಶಾಕ್. 2017ರಲ್ಲಿ ದಕ್ಷಿಣ ಸುಡಾನಿನ ಹಳ್ಳಿಯೊಂದರಲ್ಲಿ ನಾಲ್ಕು ದಿನ ಒಂದೇ ಕಲಸುವ ಸಿರಿಂಜ್ ಬಳಸಿ, ಲಸಿಕೆಯನ್ನು ತಂಪಿಲ್ಲದೆ ಇಟ್ಟು 15 ಮಕ್ಕಳು ಹೋದರು. ದೂರದ ಮಾತಲ್ಲ, 2022ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಎಂಆರ್ ಲಸಿಕೆಯ ನಂತರ ಮೂರು ಕೂಸುಗಳು ತೀರಿಕೊಂಡವು.

ಕಲಸಿದ ವಯಲ್ ಅನ್ನು ಐಸ್ ಪ್ಯಾಕಿನ ಕುಳಿಯಲ್ಲಿ ನಿಲ್ಲಿಸಿ. ಪೆಂಟಾ, ಡಿಪಿಟಿ ಅಲ್ಲಿಗೆ ಬೇಡ. ವಯಲ್ ಮುಚ್ಚಳದಲ್ಲಿ ಸೂಜಿ ಚುಚ್ಚಿಟ್ಟು ಬಿಡುವುದು ಬೇಡವೇ ಬೇಡ. ಬಲ ತೋಳಿಗೆ, 45 ಡಿಗ್ರಿ ವಾಲಿಸಿ, ಚರ್ಮದಡಿ 0.5 ಮಿ.ಲೀ. ಚರ್ಮ ಒರೆಸಲು ಸ್ಪಿರಿಟ್ ಅಲ್ಲ, ಶುದ್ಧ ನೀರಿನ ಹತ್ತಿ. ಹಾಕಿದ ಕೂಡಲೇ ಹಬ್ ಕಟ್ಟರ್‌ನಲ್ಲಿ ಸೂಜಿ ಕತ್ತರಿಸಿ. ಸಿರಿಂಜು, ವಯಲ್ ಎಲ್ಲಾ ಅದೇ ರಾತ್ರಿ ಪಿಎಚ್‌ಸಿಗೆ ವಾಪಸ್. ಹೊಲದ ರವದಿಗೆ ಬೆಂಕಿ ಇಡುವಾಗ ಅದರೊಳಗೆ ಎಸೆಯುವುದನ್ನು ಯಾರೂ ಮಾಡಕೂಡದು.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್, ಅಕ್ಕೋರೆ. ನಾಳೆ ಸಂಜೆ 5ಕ್ಕೆ ಇಟ್ಟಿದ್ದೇವೆ, ಮುಕಾದಮ್ ಒಪ್ಪಿದ್ದಾರೆ. ಎರಡು ಅನುಮಾನ ಉಳಿದಿವೆ. 20 ತಿಂಗಳ ಮಗು, ಯಾವ ಸೂಜಿಯೂ ಆಗಿಲ್ಲ ಅಂತ ತಾಯಿ ಹೇಳುತ್ತಾಳೆ. 7 ತಿಂಗಳ ಇನ್ನೊಂದಕ್ಕೆ 6 ವಾರದ್ದು ಮಾತ್ರ ಆಗಿದೆ, ಕಾರ್ಡ್ ಇದೆ. ಇವರಿಗೆ ನಾಳೆ ಏನೇನು? ಸೂಜಿ ನಂತರ ಮಗು ಕುಸಿದರೆ ಅಡ್ರಿನಲಿನ್ ಎಷ್ಟು?

ಉತ್ತರ 5: ಹಳೇ ಎಲ್‌ಎಚ್‌ವಿ

20 ತಿಂಗಳದಕ್ಕೆ ಪೆಂಟಾ ಇಲ್ಲ. ವರ್ಷ ತುಂಬುವ ಮೊದಲು ಒಂದಾದರೂ ಪೆಂಟಾ ಆಗಿದ್ದರೆ ಮಾತ್ರ ಮುಂದುವರಿಸುವುದು. ಈ ಮಗುವಿಗೆ ನಾಳೆ ಎಂಆರ್, ಡಿಪಿಟಿ, ಪೋಲಿಯೊ ಹನಿ. ಜೆಇ ಕಾರ್ಯಕ್ರಮ ಇರುವ ಜಿಲ್ಲೆಯಾದರೆ ಜೆಇಯೂ ನಾಳೆಯೇ. ಲೈವ್ ಜೆಇ ಆದರೆ ಎಡ ತೋಳಿಗೆ. ಎಂಆರ್, ಲೈವ್ ಜೆಇ ಎರಡನ್ನೂ ಒಂದೇ ದಿನ ಹಾಕಬಹುದು, ತಪ್ಪಿದರೆ 28 ದಿನ ಕಾಯಬೇಕು. 4 ವಾರ ಬಿಟ್ಟು ಎರಡನೆಯ ಎಂಆರ್, ಡಿಪಿಟಿ, ಹನಿ. ಇನ್ನೂ 4 ವಾರಕ್ಕೆ ಮೂರನೆಯ ಡಿಪಿಟಿ, ಹನಿ. ಅಲ್ಲಿಂದ 6 ತಿಂಗಳಿಗೆ ಬೂಸ್ಟರ್. ವಿಟಮಿನ್ ಎ 2 ಮಿ.ಲೀ. ನಾಳೆಯೇ.

7 ತಿಂಗಳದಕ್ಕೆ ಮೊದಲಿಂದ ಶುರು ಮಾಡಬೇಡಿ, ಎಲ್ಲಿ ನಿಂತಿದೆಯೋ ಅಲ್ಲಿಂದ: ಪೆಂಟಾ 2, ಹನಿ 2, ರೋಟಾ 2. ಕೊನೆಯ ಪಿಸಿವಿ, ಎಫ್‌ಐಪಿವಿ (ಐಪಿವಿಯ ಸಣ್ಣ ಡೋಸ್) ಆಗಿ 8 ವಾರ ಕಳೆದಿರುವುದರಿಂದ ಅವೆರಡರ ಎರಡನೆಯದೂ ನಾಳೆಯೇ. ಎಡ ತೊಡೆ ಪೆಂಟಾಕ್ಕೆ, ಬಲ ತೊಡೆ ಪಿಸಿವಿಗೆ. ಎಫ್‌ಐಪಿವಿ ಬಲ ತೋಳಿನಲ್ಲಿ ಚರ್ಮದ ಪದರದೊಳಗೆ 0.1 ಮಿ.ಲೀ. ಮಾತ್ರ. ಮೂರು ಸೂಜಿ ಅಂತ ತಾಯಿ ಗಾಬರಿಯಾದರೆ ಒಂದನ್ನು ಮುಂದಕ್ಕೆ ಹಾಕುವ ಆಸೆ ನಮಗೂ ಬರುತ್ತದೆ. ಗ್ಯಾಂಗಿನವರಿಗೆ ಮುಂದಿನ ತಿಂಗಳು ಅನ್ನುವುದು ಬೇರೆ ಜಿಲ್ಲೆ, ಎಲ್ಲಾ ನಾಳೆಯೇ ಮುಗಿಸಿ.

ಕಾರ್ಡ್ ಇಲ್ಲದವರದ್ದು ಯು-ವಿನ್‌ನಲ್ಲಿ (ಲಸಿಕೆ ದಾಖಲೆಯ ಸರ್ಕಾರಿ ಪೋರ್ಟಲ್) ತಾಯಿಯ ಮೊಬೈಲ್ ನಂಬರಿನಿಂದ ಹುಡುಕಿ ನೋಡಿ. ಗಂಡನ ನಂಬರ್, ತವರಿನವರ ನಂಬರಿನಲ್ಲೂ ನೋಡಿ, ಹೆರಿಗೆ ತವರಿನಲ್ಲೇ ಆಗಿರುತ್ತದೆ. ಸಿಗದಿದ್ದರೆ ಎಂಆರ್ ಆಗಿಲ್ಲ ಅಂತಲೇ ಲೆಕ್ಕ. ಹಿಂದೆ ಆಗಿದ್ದು ಇನ್ನೊಂದು ಬಿದ್ದರೆ ಕೆಡುಕಿಲ್ಲ. ಎಡತೋಳಿನ ಬಿಸಿಜಿ ಕಲೆ ಇದ್ದರೆ ಹುಟ್ಟಿದಾಗಲಾದರೂ ಆಸ್ಪತ್ರೆ ಕಂಡಿತ್ತು ಅಂತ ತಿಳಿಯುತ್ತದೆ, ಅದರಾಚೆ ಏನೂ ಹೇಳುವುದಿಲ್ಲ. ವಯಸ್ಸು ಕೇಳುವಾಗ ತಿಂಗಳು ಕೇಳಬೇಡಿ, "ನಾಗರ ಪಂಚಮಿಗೆ ಹೊಟ್ಟ್ಯಾಗಿತ್ತೋ ಕೈಯಾಗಿತ್ತೋ" ಅಂತ ಕೇಳಿ, ಹದಿನೈದು ದಿನದ ಆಚೀಚೆಗೆ ಸಿಗುತ್ತದೆ. 9 ತಿಂಗಳ ಗಡಿಯಲ್ಲಿರುವ ಕೂಸುಗಳಿಗೆ ಇದು ಮುಖ್ಯ.

ಇನ್ನೊಂದು: ಪಲ್ಸ್ ಪೋಲಿಯೊ ಮೈಕ್ರೋಪ್ಲಾನ್ ತೆಗೆದು ನೋಡಿ. ಇಟ್ಟಿಗೆ ಭಟ್ಟಿ, ಗ್ಯಾಂಗಿನ ಜಾಗ ಎಲ್ಲಾ ಅದರಲ್ಲಿರುತ್ತದೆ. 38 ಅನ್ನುವುದು ಆಶಾಳ ಅಂದಾಜು, ಜೋಪಡಿ ಜೋಪಡಿ ತಿರುಗಿದರೆ ಅದಕ್ಕಿಂತ ಹೆಚ್ಚೇ ಬರುತ್ತದೆ, ಯಾಕಂದರೆ ಅಕ್ಕಂದಿರ ಸೊಂಟದಲ್ಲಿ ಹೊಲಕ್ಕೇ ಹೋದ ಕೂಸುಗಳು ಹಗಲು ಎಣಿಕೆಗೆ ಸಿಗುವುದಿಲ್ಲ.

ಉತ್ತರ 6: ಪಿಎಚ್‌ಸಿ ವೈದ್ಯಾಧಿಕಾರಿ

ಅಡ್ರಿನಲಿನ್ 1:1000, ಲಸಿಕೆ ಹಾಕದ ಕಡೆಯ ತೊಡೆಯ ಹೊರಬದಿ ಸ್ನಾಯುವಿಗೆ. ವರ್ಷದೊಳಗೆ 0.05 ಮಿ.ಲೀ., 1ರಿಂದ 6 ವರ್ಷಕ್ಕೆ 0.1 ಮಿ.ಲೀ. ಕಿಟ್‌ನಲ್ಲಿರುವ 40 ಯೂನಿಟ್ ಇನ್ಸುಲಿನ್ ಸಿರಿಂಜಿನಲ್ಲಿ ಅದು 2 ಗೆರೆ, 4 ಗೆರೆ. 100 ಯೂನಿಟ್ ಸಿರಿಂಜ್ ಬಂದಿದ್ದರೆ ಗೆರೆ ಲೆಕ್ಕ ತಪ್ಪುತ್ತದೆ, ಈಗಲೇ ತೆಗೆದು ನೋಡಿ, ಆಂಪೂಲ್ ತಾರೀಖೂ ನೋಡಿ. ಕೊಟ್ಟು, ಮಲಗಿಸಿ, ಕಾಲು ಮೇಲೆತ್ತಿ, 108, ನನಗೆ ಅಲ್ಲ, ನಿಮ್ಮ ವೈದ್ಯಾಧಿಕಾರಿಗೆ ಫೋನ್. ಎಲ್ಲ ಮಕ್ಕಳನ್ನೂ 30 ನಿಮಿಷ ಕೂರಿಸಿ. ಕೆಲಸ ಮುಗಿಸಿ ಬಂದವರು ಅಡುಗೆಗೆ ಅವಸರ ಮಾಡುತ್ತಾರೆ, ಒಲೆಯ ಪಕ್ಕದಲ್ಲೇ ಸೆಷನ್ ಆದರೆ ಇನ್ನೂ ಸುಲಭ.

ಎರಡನೆಯ ಡೋಸ್ ತಾರೀಖನ್ನು ಕಾರ್ಡಿನಲ್ಲಿ ಬರೆದು ಅದರ ಫೋಟೋ ತಾಯಿಯ ಮೊಬೈಲಿನಲ್ಲೇ ತೆಗೆಸಿ. ಜೋಪಡಿಯ ಪೆಟ್ಟಿಗೆಯಲ್ಲಿ ಕಾರ್ಡ್ ಉಳಿಯುವುದು ಕಷ್ಟ. ಮುಕಾದಮ್‌ಗೆ ಮುಂದೆ ಯಾವ ಫ್ಯಾಕ್ಟರಿ ಕಡೆ ಹೋಗುತ್ತೀರಿ, ಯಾವಾಗ, ಅಂತ ಕೇಳಿ ಬರೆದುಕೊಳ್ಳಿ. 4 ವಾರದೊಳಗೆ ಹೊರಡುವಂತಿದ್ದರೆ ಮಕ್ಕಳ ಪಟ್ಟಿಯನ್ನು ಟಿಎಚ್‌ಒ ಮೂಲಕ ಆ ತಾಲೂಕಿಗೂ, ಬೀಡ್, ವಿಜಯಪುರದ ಮೂಲ ಊರಿನ ಪಿಎಚ್‌ಸಿಗೂ ಕಳಿಸಿ. ಎರಡೂ ಕಡೆ ಕಳಿಸಿ, ಸೀಸನ್ ನಡುವೆ ಅರ್ಧ ಕುಟುಂಬ ಊರಿಗೆ ಮರಳುತ್ತವೆ. ನಿಮ್ಮೂರಿನ ಅಂಗನವಾಡಿಯ ಪಟ್ಟಿಯನ್ನೂ ಈ ವಾರವೇ ತಿರುವಿ: 9 ತಿಂಗಳಿಗೆ ಹಾಕಿದ ಎಂಆರ್ ನೂರರಲ್ಲಿ ಹದಿನೈದು ಮಕ್ಕಳಲ್ಲಿ ಹಿಡಿಯುವುದಿಲ್ಲ. ಎರಡನೆಯದು ತಪ್ಪಿದವರು ಊರೊಳಗೂ ಇದ್ದಾರೆ.